ಕ್ಯಾಮೆರಾದೊಳಗಿನ ಮಳೆ

ಬೆಳಕು ಕಮ್ಮಿ ಇದ್ದಾಗ ತೆಗ್ದ ಡಿಜಿಟಲ್ ಫೋಟೋದಲ್ಲಿ ಚುಕ್ಕೆ ಬರ್ತದೆ. ಸಣ್ಣದಾಗಿ ಪ್ರಿಂಟ್ ಹಾಕಿದ್ರೆ ಕಾಣೂದಿಲ್ಲ. ದೊಡ್ಡದು ಮಾಡಿದ್ರೆ ಇಡೀ ಫೋಟೋದ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ ಕಾಣ್ತದೆ. ಇಷ್ಟೇ ವಿಷಯ. ಈ ಚುಕ್ಕೆಯಿಂದ ಒಬ್ಬನ ಬೋಟು ಕೈ ತಪ್ಪಿಹೋಗೂದ್ರಲ್ಲಿತ್ತು, ಅದನ್ನ ಹೇಳ್ತೇನೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ. ಹಳದೀಪುರದಿಂದ ದಿನಾ ಬಸ್ಸಿಗೆ ಕುಮಟಾಕ್ಕೆ ಬಂದು ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲ್ಸ ಮಾಡ್ತಿದ್ದೆ. ಮೊದ್ಲು ರೀಲು ಇತ್ತು. ಮದುವೆ ರೀಲನ್ನ ಸಂಜೆ ಬಸ್ಸಿಗೆ ಹುಬ್ಬಳ್ಳಿ ಲ್ಯಾಬಿಗೆ ಕಳ್ಸೂದು, ಫೋಟೋ ಬಂದ ಮೇಲೆ ಆಲ್ಬಮ್ಮಿಗೆ ಅಂಟಿಸೂದು, ಅಷ್ಟೇ ನನ್ನ ಕೆಲ್ಸ. ಆಮೇಲೆ ನಮ್ಮ ಮಾಲಕರು ಭಟ್ಕಳದಲ್ಲಿ ದುಬೈಯಿಂದ ಬಂದ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ತಂದ್ರು. ರೀಲು ಹಾಕೂದಿಲ್ಲ ಅನ್ನೂದೊಂದು ಬಿಟ್ರೆ ಎಲ್ಲ ಮೊದ್ಲಿನ ಹಾಗೇ ಅಂತ ಹೇಳಿದ್ರು. ಅದು ಸುಳ್ಳು ಅಂತ ವಾರದೊಳಗೆ ಗೊತ್ತಾತು. ಮದುವೆ ಮಂಟಪದ ಮೂಲೆಯ ಕಪ್ಪು ಜಾಗದಲ್ಲೆಲ್ಲ ಕೆಂಪು, ಹಸಿರು ಚುಕ್ಕೆ. ಮದುಮಗನ ಕೋಟಿನ ಮೇಲೆ ತಲೆಹೊಟ್ಟು ಉದುರಿದ ಹಾಗೆ. ಮಾಲಕರು ಅದಕ್ಕೆ ನಾಯ್ಸ್ ಅಂತಾರೆ ಅಂದ್ರು. ಯಾಕೆ ಬರ್ತದೆ ಅಂತ ಕೇಳಿದೆ. ಬರ್ತದೆ, ಅಷ್ಟೇ ಅಂದ್ರು.

ಅಷ್ಟೇ ಅಂದ್ರೆ ನಂಗೆ ಆಗೂದಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಇರ್ಲಿಲ್ಲ. ಲೆನ್ಸಿನ ಮುಚ್ಚಳ ತೆಗೀದೇ ಒಂದು ಫೋಟೋ ಹೊಡ್ದೆ. ಪೂರ್ತಿ ಕಪ್ಪು ಬರ್ಬೇಕು ಅಲ್ದಾ? ಕಂಪ್ಯೂಟರಿಗೆ ಹಾಕಿ ಬೆಳಕು ಏರಿಸಿ ನೋಡಿದ್ರೆ ಕಪ್ಪಿನೊಳಗೆ ಬಣ್ಣದ ಚುಕ್ಕೆ ಗಿಜಿಗಿಜಿ ಅಂತಿತ್ತು. ಎದುರಿಗೆ ಎಂತದೂ ಇಲ್ಲ, ಮುಚ್ಚಳ ಬಿಗಿಯಾಗಿ ಹಾಕಿದೆ, ಆದ್ರೂ ಕ್ಯಾಮೆರಾ ಎಂತದೋ ಕಂಡಿದೆ. ಐಎಸ್‌ಒ ಅಂತ ಒಂದು ನಂಬರ್ ಇರ್ತದೆ, ಬೆಳಕು ಕಮ್ಮಿ ಇದ್ದಾಗ ಅದನ್ನ ಏರಿಸ್ಬೇಕು. ಅದನ್ನ ಏರಿಸಿದಷ್ಟೂ ಚುಕ್ಕೆ ಜಾಸ್ತಿ. ರೇಡಿಯೋ ಸರಿಯಾಗಿ ಸಿಗದಾಗ ಸೌಂಡ್ ಏರಿಸಿದ್ರೆ ಬರ್‍ರ್ ಅನ್ನೂದೂ ಜೋರಾಗ್ತದಲ್ಲ, ಹಾಗೆ.

ಬಿಸಿಲಲ್ಲಿಟ್ಟ ಕ್ಯಾಮೆರಾದಲ್ಲಿ ಚುಕ್ಕೆ ಇನ್ನೂ ಹೆಚ್ಚು ಅಂತಲೂ ಕಂಡಿತು. ಹಾಗಾದ್ರೆ ತಂಪು ಮಾಡಿದ್ರೆ? ತದಡಿ ಬಂದರಿಗೆ ಒಂದು ಕಾರ್ಯಕ್ರಮಕ್ಕೆ ಹೋದಾಗ ಐಸ್ ಪ್ಲಾಂಟಿನೊಳಗೆ ಹೋಗಿ ಮಂಜುಗಡ್ಡೆ ಪಕ್ಕ ಕ್ಯಾಮೆರಾ ಇಟ್ಕೊಂಡು ಕೂತೆ. ಚುಕ್ಕೆ ಕಮ್ಮಿ ಆತು, ಖರೆ. ಆದ್ರೆ ಹೊರಗೆ ಬಂದ ಕೂಡ್ಲೆ ಲೆನ್ಸಿನ ಮೇಲೆ ಹಬೆ ಕೂತು ಒಂದು ತಾಸು ಫೋಟೋನೇ ತೆಗೂಕೆ ಆಗ್ಲಿಲ್ಲ. ಮಾಲಕರಿಗೆ ಸುದ್ದಿ ಹೋಯ್ತು. ಕ್ಯಾಮೆರಾ ಎಂತ ಬಂಗುಡೆ ಮೀನಾ ತಮಾ, ಐಸಿನಲ್ಲಿ ಇಡೂಕೆ, ಅಂತ ಗಿರಾಕಿಗಳ ಎದುರಿಗೇ ಕೇಳಿದ್ರು. ಸುಮಾರು ದಿನ ಆ ಮಾತು ಪೇಟೆಯಲ್ಲಿ ತಿರುಗಿತು.

ಐಸ್ ಪ್ಲಾಂಟಿನೊಳಗೆ ನನ್ನನ್ನ ಬಿಟ್ಟವ ನನ್ನ ದೋಸ್ತ. ಅವ ಅಜ್ಜಿ ಮನೆಯಲ್ಲಿದ್ದು ಹಳದೀಪುರದ ಶಾಲೆಗೆ ಬರ್ತಿದ್ದ, ಎಂಟನೇ ಕ್ಲಾಸಿನವರೆಗೆ ಒಟ್ಟಿಗೆ ಇದ್ವಿ, ಒಟ್ಟಿಗೇ ಬಿಟ್ವಿ. ಅವರದ್ದು ತದಡಿಯಲ್ಲಿ ಸ್ವಂತ ಬೋಟು. ಅವನಪ್ಪ ತಾಂಡೇಲ, ಅಂದ್ರೆ ಬೋಟು ನಡೆಸೂವ, ಬೋಟಿನ ಮೇಲಿನ ಎಲ್ಲರಿಗೂ ಅವನದೇ ಮಾತು. ಆದ್ರೆ ಆ ವರ್ಷ ಅವನಪ್ಪನ ಕಣ್ಣು ಹೋಗ್ತಾ ಬಂತು. ಸಕ್ಕರೆ ಕಾಯಿಲೆಯಿಂದ ಅಂದ್ರು. ಆಪರೇಷನ್ ಮಾಡಿಸಿ ಹೊನ್ನಾವರದಲ್ಲಿ ಮಗಳ ಮನೆಯಲ್ಲಿ ಇಟ್ಟಿದ್ರು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಮೂಗಿನ ತುದಿಗೆ ಹಿಡ್ದದ್ದು ಮಾತ್ರ ಕಾಣ್ತಿತ್ತು.

ಮಳೆಗಾಲ ಮುಗ್ದು ಬೋಟು ನೀರಿಗೆ ಇಳಿಸೂ ಹೊತ್ತಿಗೆ ಬೇರೆ ದಾರಿ ಇಲ್ದೆ ಮಗನ ಕೈಗೆ ಕೊಟ್ಟ. ಒಂದು ಷರತ್ತು ಹಾಕಿ ಕೊಟ್ಟ. ತದಡಿಯಿಂದ ಸಮುದ್ರಕ್ಕೆ ಹೋಗ್ಬೇಕು ಅಂದ್ರೆ ಅಳಿವೆ ದಾಟ್ಬೇಕು. ಹೊಳೆ ಸಮುದ್ರ ಸೇರೂ ಜಾಗ ಅದು, ನೀರಿನಡಿಗೆ ಮರಳಿನ ದಿಬ್ಬ ಇರ್ತದೆ. ದಿಬ್ಬದ ಮೇಲೆ ತೆರೆ ಒಡ್ದು ಬಿಳೀ ಗೆರೆ ಕಾಣ್ತದೆ, ಅದನ್ನ ನೋಡ್ಕೊಂಡೇ ಆಳ ಇರೂ ಕಡೆ ಬೋಟು ಹಾಕ್ಬೇಕು. ಮಳೆ ಬೀಳ್ತಿದ್ರೆ ನೀರೆಲ್ಲ ಬಿಳಿಬಿಳಿ, ಗೆರೆ ಕಾಣೂದಿಲ್ಲ. ಹಾಗಾಗಿ ಮಳೆ ಇದ್ರೆ ಅಳಿವೆ ದಾಟ್ಬಾರದು. ದಾಟಿದೆ ಅಂತ ಗೊತ್ತಾದ್ರೆ ಭಟ್ಕಳದ ಕಡೆಯ ಒಬ್ಬ ಸಂಬಳದ ತಾಂಡೇಲನನ್ನ ತರ್ತೇನೆ, ನೀನು ಅವನ ಕೈಕೆಳಗೆ ಹಗ್ಗ ಎಳಿ ಅಂದಿದ್ದ. ಆ ಭಟ್ಕಳದವನ ಹತ್ರ ಮಾತಾಡಿಯೂ ಇಟ್ಟಿದ್ದ. ಒಂದು ಸಲ ಸ್ವಂತ ಬೋಟಿನಲ್ಲಿ ಹಗ್ಗ ಎಳ್ದವನನ್ನ ಆಮೇಲೆ ಬೋಟು ನಿಲ್ಸೂ ಧಕ್ಕೆಯಲ್ಲಿ ಯಾರೂ ತಾಂಡೇಲ ಅನ್ನೂದಿಲ್ಲ. ದೋಸ್ತಂಗೆ ಇದೇ ಹೆದ್ರಿಕೆ.

ಮೊದಲ ದಿನ ಬೋಟು ಹೋಗೂದನ್ನ ಫೋಟೋ ತೆಗಿ ಅಂತ ಅವನೇ ಕರ್ದ. ನಾನು ಅವನ ಚಿಕ್ಕಪ್ಪನ ಬೋಟಿನಲ್ಲಿ ಹಿಂದೆ ಹೋದೆ. ಸೂರ್ಯ ಇನ್ನೂ ಗುಡ್ಡದ ಹಿಂದೆ ಇದ್ದ. ನಾನು ನಿಂತ ಬೋಟೂ ಕುಣೀತದೆ, ಮುಂದಿನ ಬೋಟೂ ಕುಣೀತದೆ. ಫೋಟೋ ಅಲ್ಲಾಡ್ಬಾರದು ಅಂದ್ರೆ ಕ್ಯಾಮೆರಾದ ಕಣ್ಣು ಟಪ್ಪಂತ ಮುಚ್ಚಬೇಕು, ಹಾಗೆ ಮುಚ್ಚಿದ್ರೆ ಬೆಳಕು ಸಾಲೂದಿಲ್ಲ. ಐಎಸ್‌ಒ ಪೂರ್ತಿ ಏರಿಸಿಟ್ಟೆ. ಅಳಿವೆ ಹತ್ರ ಅವ ಬೋಟು ತಿರುಗಿಸಿದಾಗ ಒಂದು ಒಳ್ಳೆ ಫೋಟೋ ಸಿಕ್ಕಿತು. ಅವ ಕ್ಯಾಬಿನ್ನಿನಲ್ಲಿ ಕುತ್ತಿಗೆ ಹೊರಗೆ ಹಾಕಿ ಎಡಕ್ಕೆ ನೋಡ್ತಿದ್ದ. ಮಳೆ ಇರ್ಲಿಲ್ಲ. ಮೋಡ ಇತ್ತು, ಒಂದು ಹನಿ ಬೀಳ್ಲಿಲ್ಲ.

ಅಪ್ಪಂಗೆ ಸಣ್ಣ ಫೋಟೋ ಕಾಣೂದಿಲ್ಲ, ದೊಡ್ಡದು ಮಾಡಿ ಕೊಟ್ರೆ ಹತ್ರ ಹಿಡ್ಕೊಂಡು ಸ್ವಲ್ಪ ಸ್ವಲ್ಪ ನೋಡ್ತಾನೆ ಅಂತ ದೋಸ್ತ ಹೇಳಿದ. ಮೂರು ಅಡಿ ಉದ್ದ ಮಾಡುವ ಅಂದ. ಆಗ ಅಷ್ಟು ದೊಡ್ಡ ಪ್ರಿಂಟ್ ಹಾಕೂ ಮಷಿನ್ ನಂಗೆ ಗೊತ್ತಿದ್ದ ಹಾಗೆ ಭಟ್ಕಳದಲ್ಲಿ ಒಂದು ಕಡೆ ಇತ್ತು. ಅಂಗಡಿಯವರು ಗಲ್ಫಿನಲ್ಲಿ ಇದೇ ಕೆಲ್ಸ ಮಾಡಿ ಬಂದವರು, ಎಲ್ಲರೂ ಅವರನ್ನ ಭಾಯಿ ಅಂತಿದ್ರು. ನಾನು ಫೋಟೋದ ಬೆಳಕು ಏರಿಸಿ, ಸಿಡಿಗೆ ಹಾಕ್ಕೊಂಡು ಹೋಗಿ ಕೊಟ್ಟೆ. ಚುಕ್ಕೆ ಇದೆಯಲ್ಲ ಅಂದ್ರು ಭಾಯಿ. ಇರ್ಲಿ, ದೊಡ್ಡ ಫೋಟೋ ಎಲ್ಲ ದೂರದಿಂದ ನೋಡೂದಲ್ದಾ, ದೂರ ನಿಂತ್ರೆ ಚುಕ್ಕೆ ಕಾಣೂದಿಲ್ಲ ಅಂದೆ. ಅದು ಹೌದು ಅಂದ್ರು. ಈ ಫೋಟೋ ನೋಡೂವ ಹತ್ರದಿಂದಲೇ ನೋಡೂದು ಅನ್ನೂದು ನನ್ನ ತಲೆಗೆ ಹೊಳೀಲೇ ಇಲ್ಲ.

ಪ್ರಿಂಟನ್ನ ಸುತ್ತಿ, ಒಂದು ಪಿವಿಸಿ ಪೈಪಿಗೆ ತುರುಕಿ, ಬಸ್ಸಿಗೆ ಹೊನ್ನಾವರಕ್ಕೆ ಬಂದೆ. ಪೈಪಿಗೆ ಲಗೇಜ್ ಟಿಕೇಟು ಮಾಡು ಅಂತ ಕಂಡಕ್ಟರ್ ಜಗಳ ಬೇರೆ. ದೋಸ್ತನೂ ಬಂದಿದ್ದ. ತಾಂಡೇಲ ಜಗುಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕುರ್ಚಿ ಹಾಕ್ಕೊಂಡಿದ್ದ. ನಾವಿಬ್ರೂ ಎರಡು ತುದಿ ಹಿಡ್ಕೊಂಡ್ವಿ. ಅವ ಮುಖ ಮುಂದೆ ತಂದು ಮೂಗು ತಾಗೂವಷ್ಟು ಹತ್ರ ಬಂದ. ಎಡದಿಂದ ಶುರು ಮಾಡಿ ಬಲಕ್ಕೆ, ಮತ್ತೆ ಕೆಳಗೆ ಇಳ್ದು ಎಡದಿಂದ ಬಲಕ್ಕೆ. ಮೀನು ಹಾಳಾಗಿದೆಯಾ ಅಂತ ಮೂಸಿ ನೋಡೂ ಹಾಗೆ.

"ಮಳೆ ಇತ್ತಲ್ಲ," ಅಂದ.

"ಇಲ್ಲ ಅಪ್ಪಾ," ಅಂದ ದೋಸ್ತ.

"ಇಲ್ಲಿ ಇಷ್ಟು ಹನಿ ಬಿದ್ದಿದೆ. ನನ್ನ ಕಣ್ಣಿಗೇ ಕಾಣ್ತದೆ, ನಿನ್ನ ಕಣ್ಣಿಗೆ ಕಾಣೂದಿಲ್ವಾ?"

ಬೋಟು ಹೋದ ದಿನ ಬೆಳಿಗ್ಗೆ ಹೊನ್ನಾವರದಲ್ಲಿ ಮಳೆ ಹೊಡ್ದಿತ್ತಂತೆ. ಇಲ್ಲಿ ಬಂದದ್ದು ಅಲ್ಲಿ ಬರೂದಿಲ್ವಾ ಅಂತ ಕೇಳಿದ. ಅದು ಮಳೆ ಅಲ್ಲ ಮಾವ, ಕ್ಯಾಮೆರಾದ ಚುಕ್ಕೆ, ನಾನು ಅಲ್ಲೇ ಇದ್ದೆ ಅಂತ ನಾನು ಹೇಳಿದೆ. ನೀನು ಅವನ ದೋಸ್ತ, ಮತ್ತೆ ಎಂತ ಹೇಳ್ತೀಯ ಅಂದ. ಬೋಟಿನವರನ್ನ ಕೇಳಿ ಅಂತ ಮಗ ಹೇಳಿದ. ಅವರು ನಿನ್ನ ಪಾಲಿನ ಮೀನು ತಿನ್ನೂವರು ಅಂದ. ಮಗಳು ಚಾ ತಂದ್ಳು. ಅವಳೂ ಒಂದು ಸಲ ಬಗ್ಗಿ ನೋಡಿ, ಮಳೆ ಹಾಗೇ ಕಾಣ್ತದೆ ಮಾರಾಯಾ ಅಂದು ಒಳಗೆ ಹೋದ್ಳು. ಅಲ್ಲಿಗೆ ಮುಗೀತು. ಬರೂ ಸೋಮವಾರ ಭಟ್ಕಳದವನಿಗೆ ಬಾ ಅಂತೇನೆ ಅಂತ ತಾಂಡೇಲ ಹೇಳಿದ.

ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ದೋಸ್ತ, ಆ ಮಳೆ ತೆಗ್ದು ಕೊಡು ಅಂದ. ಮಳೆ ಅಲ್ವೋ ಅಂದೆ. ಎಂತದಾದ್ರೂ ಇರ್ಲಿ, ತೆಗಿ ಅಂದ.

ತೆಗ್ದೆ. ಫೋಟೋ ತಿದ್ದೂ ಸಾಫ್ಟ್‌ವೇರಿನಲ್ಲಿ ಚುಕ್ಕೆ ಕಮ್ಮಿ ಮಾಡೂಕೆ ಒಂದು ಪಟ್ಟಿ ಇರ್ತದೆ, ಎಳ್ದಷ್ಟೂ ಕಮ್ಮಿ ಆಗ್ತದೆ. ನಾನು ಕೊನೆವರೆಗೆ ಎಳ್ದೆ. ಫೋಟೋ ನುಣ್ಣಗಾತು, ಕಂಪ್ಯೂಟರಿನಲ್ಲಿ ಭಾರಿ ಚಂದ ಕಂಡಿತು. ಮಾಲಕರೂ ಹೊಗಳಿದ್ರು. ಮತ್ತೆ ಭಟ್ಕಳ, ಮತ್ತೆ ಪೈಪು, ಮತ್ತೆ ಹೊನ್ನಾವರದ ಜಗುಲಿ. ತಾಂಡೇಲ ಮೂಗು ತಾಗಿಸಿ ನೋಡಿದ. ಈ ಸಲ ಬೇಗ ಮುಗೀತು.

"ಇದ್ರಲ್ಲಿ ನೀರೇ ಇಲ್ಲ," ಅಂದ. "ಎಣ್ಣೆ ಮೇಲೆ ಬೋಟು ಇಟ್ಟ ಹಾಗೆ ಇದೆ. ಬಿಳೀ ಗೆರೆ ಎಲ್ಲಿ? ಮಳೆ ಅಳಿಸೂಕೆ ಹೋಗಿ ದಿಬ್ಬನೂ ಅಳಿಸಿ ತಂದ್ರಾ ಇಬ್ರೂ ಸೇರಿ?"

ನಾನು ಬಗ್ಗಿ ನೋಡಿದೆ. ಹೌದು. ತೆರೆ ಒಡೀತಿದ್ದ ಗೆರೆ ಮೊದಲ ಪ್ರಿಂಟಿನಲ್ಲಿ ಚುಕ್ಕೆ ನಡುವೆ ಇತ್ತು, ಇದ್ರಲ್ಲಿ ಬೂದಿ ಬಳ್ದ ಹಾಗೆ ಸಾಪಾಗಿ ಹೋಗಿತ್ತು. ಸಾಫ್ಟ್‌ವೇರಿಗೆ ಎಂತ ಗೊತ್ತು? ಅದಕ್ಕೆ ಸಣ್ಣ ಬಿಳಿ ಇದ್ದದ್ದೆಲ್ಲ ಚುಕ್ಕೆಯೇ. ನೊರೆಯೂ ಸಣ್ಣ ಬಿಳಿ, ಚುಕ್ಕೆಯೂ ಸಣ್ಣ ಬಿಳಿ. ದೋಸ್ತನ ಮುಖ ನೋಡೂಕೆ ಆಗ್ತಿರ್ಲಿಲ್ಲ. ಮೊದ್ಲು ಸುಳ್ಳು ಹೇಳಿದ ಅಂತ ಇತ್ತು, ಈಗ ಸುಳ್ಳನ್ನ ಮುಚ್ಚೂಕೆ ಫೋಟೋ ತಿದ್ದಿಸಿದ ಅಂತಲೂ ಆತು.

ಆದ್ರೆ ಖರೆ ಹೇಳ್ಬೇಕು ಅಂದ್ರೆ, ಬಸ್ಸಿನಲ್ಲಿ ನನ್ನ ತಲೆಯೊಳಗೆ ಇದ್ದದ್ದು ದೋಸ್ತ ಅಲ್ಲ, ಚುಕ್ಕೆ. ಯಾವುದು ನೊರೆ, ಯಾವುದು ಚುಕ್ಕೆ ಅಂತ ಬೇರೆ ಮಾಡೂದು ಹೇಗೆ? ಕುಮಟಾಕ್ಕೆ ಬಂದವನೇ ಮೊದಲ ಫೋಟೋ ತೆರ್ದು, ಬೆರಳಿನಷ್ಟು ಜಾಗ ದೊಡ್ಡ ಮಾಡಿ ನೋಡ್ತಾ ಕೂತೆ. ಕ್ಯಾಬಿನ್ನಿನ ಕಪ್ಪು ಗೋಡೆ ಮೇಲಿನ ಚುಕ್ಕೆಗೆ ಬಣ್ಣ ಇತ್ತು, ಕೆಂಪು, ಹಸಿರು, ನೀಲಿ. ನೊರೆಗೆ ಬಣ್ಣ ಇರ್ಲಿಲ್ಲ. ಬೆಳಗಿನ ಹೊತ್ತಿನ ನೊರೆಗೆ ಬಣ್ಣ ಎಲ್ಲಿಂದ ಬರ್ಬೇಕು? ಹಾಗಾದ್ರೆ ಮೊದ್ಲು ಬಣ್ಣ ಇದ್ದ ಚುಕ್ಕೆ ಮಾತ್ರ ತೆಗೀಬೇಕು. ಫೋಟೋದ ಬಣ್ಣವನ್ನೂ ಬೆಳಕನ್ನೂ ಬೇರೆ ಬೇರೆ ಮಾಡೂಕೆ ಬರ್ತದೆ ಅಂತ ಹುಡುಕಿ ಹುಡುಕಿ ಗೊತ್ತಾತು. ಬಣ್ಣವನ್ನ ಮಾತ್ರ ಮಸುಕು ಮಾಡಿದೆ. ಬೆಳಕನ್ನ ಮುಟ್ಟಲಿಲ್ಲ. ಕೆಂಪು, ಹಸಿರು ಎಲ್ಲ ಹೋತು, ನೊರೆ ಹಾಗೇ ಉಳೀತು. ನಾನು ಒಬ್ಬನೇ ನಕ್ಕೆ.

ಬಣ್ಣ ಇಲ್ಲದ ಬೂದಿ ಚುಕ್ಕೆ ಇನ್ನೂ ಇತ್ತು. ಅದಕ್ಕೆ ಭಾಯಿ ಹತ್ರ ಹೋದೆ. ವಿಷಯ ಎಲ್ಲ ಹೇಳಿದೆ. ನೋಡೂವ ನಾಕು ಬೆರಳು ದೂರದಿಂದ ನೋಡ್ತಾನೆ ಅಂದಾಗ ಅವರು ನಕ್ಕು ಕುರ್ಚಿ ಎಳ್ಕೊಂಡು ಕೂತ್ರು. ಕಂಪ್ಯೂಟರಿನಲ್ಲಿ ನೋಡಿ ತಿದ್ದಬೇಡ, ಕಾಗದದ ಮೇಲೆ ನೋಡಿ ತಿದ್ದು ಅಂದ್ರು. ಪೂರ್ತಿ ಪ್ರಿಂಟ್ ಹಾಕದೆ, ಗೆರೆಯೂ ಬೋಟೂ ಬರೂ ಹಾಗೆ ಗೇಣು ಅಗಲದ ಒಂದು ಚೂರನ್ನ ಮಾತ್ರ ಅಸಲಿ ಸೈಜಿನಲ್ಲಿ ತೆಗ್ದು ಗೋಡೆಗೆ ಅಂಟಿಸಿದ್ರು. ನಾನು ತಾಂಡೇಲನ ಹಾಗೆ ಒಂದು ಕಣ್ಣು ಮುಚ್ಚಿ ಮೂಗು ತಾಗಿಸಿ ನೋಡಿದೆ. ತಿದ್ದಿದೆ. ಮತ್ತೊಂದು ಚೂರು. ಮತ್ತೆ ತಿದ್ದಿದೆ. ಆಕಾಶ ಮತ್ತು ಕ್ಯಾಬಿನ್ನಿನ ಕಪ್ಪಿನಲ್ಲಿ ಚುಕ್ಕೆಯನ್ನ ಜೋರಾಗಿ ಕಮ್ಮಿ ಮಾಡಿದ್ವಿ, ನೀರಿನಲ್ಲಿ ಸ್ವಲ್ಪ ಮಾತ್ರ, ಗೆರೆ ಹತ್ರ ಎಂತದೂ ಇಲ್ಲ. ಆಗ ಆಕಾಶ ಒಂದು ಫೋಟೋದ್ದು, ನೀರು ಇನ್ನೊಂದು ಫೋಟೋದ್ದು ಅನ್ನೂ ಹಾಗೆ ಆತು. ಅದಕ್ಕೆ ಆಕಾಶಕ್ಕೆ ವಾಪಸ್ ಸ್ವಲ್ಪ ಸಣ್ಣ ಚುಕ್ಕೆ ಉದುರಿಸ್ಬೇಕಂತೆ. ತೆಗ್ದದ್ದನ್ನ ಮತ್ತೆ ಹಾಕೂದು! ಹುಚ್ಚು ಕೆಲ್ಸ ಅಂದೆ. ಹಾಕಿ ನೋಡಿದ್ರೆ ಎರಡೂ ಒಂದಾತು.

ಪ್ರಿಂಟ್ ಮಷಿನ್ನಿನಲ್ಲಿ ಓಡ್ತಿದ್ದಾಗ ಭಾಯಿ ಹೇಳಿದ್ರು, "ಫೋಟೋ ಚಂದ ಆತು ಅಂತ ಅವರು ನಂಬೂದಿಲ್ಲ. ಒಂದು ಸಲ ಅಳಿಸಿ ತಂದವ ನೀನು."

ಅದು ಹೌದು. ಆಗ ಮುಚ್ಚಳದ ಫೋಟೋ ನೆನಪಾತು. ಕ್ಯಾಮೆರಾ ಚೀಲದಲ್ಲೇ ಇತ್ತು. ಮುಚ್ಚಳ ಹಾಕಿ, ಅದೇ ಐಎಸ್‌ಒ ಇಟ್ಟು, ಭಾಯಿಯ ಟೇಬಲ್ ಮೇಲೇ ಒಂದು ಹೊಡ್ದೆ. ಬೋಟಿನ ಫೋಟೋಕ್ಕೆ ಎಷ್ಟು ಬೆಳಕು ಏರಿಸಿದ್ದೆನೋ ಇದಕ್ಕೂ ಅಷ್ಟೇ ಏರಿಸಿ ಒಂದು ಚೂರು ಪ್ರಿಂಟ್ ಹಾಕಿಸಿದೆ. ಕಪ್ಪು ಕಾಗದ, ಮೇಲೆ ಚುಕ್ಕೆ. ಎಂತಕ್ಕೆ ಇದು ಅಂತ ಭಾಯಿ ಕೇಳಿದ್ರು. ಹೇಳಿದೆ. ಇದಕ್ಕೆ ದುಡ್ಡು ಬೇಡ ಅಂದ್ರು.

ಅದು ಭಾನುವಾರ. ಮಾರನೇ ದಿನ ಭಟ್ಕಳದ ತಾಂಡೇಲ ಬರೂವ. ದೋಸ್ತ ಹೊನ್ನಾವರದಲ್ಲಿ ಕಾಯ್ತಾ ಇದ್ದ. ಜಗುಲಿಗೆ ಹೋದ್ರೆ ತಾಂಡೇಲ, ಮತ್ತೆ ಎಂತ ಅಳಿಸಿ ತಂದೆ ಅಂದ. ನಾನು ಬೋಟಿನ ಫೋಟೋ ಪೈಪಿನಲ್ಲೇ ಬಿಟ್ಟು ಮೊದ್ಲು ಕಪ್ಪು ಚೂರು ಕೊಟ್ಟೆ. ಕೈಯಲ್ಲಿ ಹಿಡ್ಕೊಂಡು ನೋಡಿದ.

"ಇದು ಎಲ್ಲಿಯ ಮಳೆ?"

"ಅಂಗಡಿಯೊಳಗೆ ಮಾವ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ತೆಗ್ದದ್ದು."

ಅವ ನಂಬ್ಲಿಲ್ಲ. ಮುಚ್ಚಳ ತಾ ಅಂದ. ಕ್ಯಾಮೆರಾ ಕೊಟ್ಟೆ. ಮುಚ್ಚಳ ತೆಗ್ದು, ಹಾಕಿ, ಸುತ್ತ ಬೆರಳಾಡಿಸಿ, ಸಂದು ಇದೆಯಾ ಅಂತ ಉಗುರು ಹಾಕಿ ನೋಡಿದ. ಬೋಟಿನ ತಳ ಸೋರ್ತದಾ ಅಂತ ನೋಡೂ ಕೈ ಅದು. ಸಂದು ಇರ್ಲಿಲ್ಲ. ಮೊದಲ ಪ್ರಿಂಟ್ ತರೂಕೆ ಹೇಳಿದ. ಮಗಳು ಒಳಗಿಂದ ತಂದ್ಳು. ಕಪ್ಪು ಚೂರನ್ನ ಅದ್ರ ಕ್ಯಾಬಿನ್ ಪಕ್ಕ ಇಟ್ಟು ಇದನ್ನೊಂದು ಸಲ, ಅದನ್ನೊಂದು ಸಲ ನೋಡಿದ. ಒಂದೇ ಥರ ರವೆ.

"ಕ್ಯಾಮೆರಾ ಅದ್ರ ಮಳೆ ಅದೇ ತರ್ತದೆ ಹಾಗಾದ್ರೆ," ಅಂದ. ಮಗನ ಕಡೆ ನೋಡ್ಲಿಲ್ಲ. "ಹೊಸದು ಬಿಡಿಸು."

ಬಿಡಿಸಿ ಹಿಡ್ಕೊಂಡ್ವಿ. ಈಗ ಅವ ನೋಡೂ ರೀತಿಯೇ ಬೇರೆ ಆಗಿತ್ತು. ಒಂದೊಂದು ಜಾಗಕ್ಕೂ ಬೆರಳು ಇಟ್ಟು ನನ್ನ ಕೇಳೂದು, ಇದು ನಿಂದಾ, ಸಮುದ್ರದ್ದಾ? ಆಕಾಶದಲ್ಲಿ ಒಂದಕ್ಕೆ ಇಟ್ಟ, ನಂದು ಅಂದೆ. ಬೋಟಿನ ಮೂತಿ ಹತ್ರ ಒಂದು ಬಿಳೀ ಮಚ್ಚೆ, ಸಮುದ್ರದ್ದು ಅಂದೆ. ಕ್ಯಾಬಿನ್ನಿನ ಮೇಲೆ ಒಂದು ಕಪ್ಪು ಚೂರು ಇತ್ತು, ಅದು ಹಕ್ಕಿಯಾ ಚುಕ್ಕೆಯಾ ನಂಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದೆ. ಅದಕ್ಕೆ ಅವ ತಲೆದೂಗಿದ. ಆ ಗೊತ್ತಿಲ್ಲ ಅಂದದ್ದರಿಂದಲೇ ಉಳಿದದ್ದನ್ನ ನಂಬಿದ ಅಂತ ನಂಗೆ ಆಮೇಲೆ ಅನಿಸಿತು.

ಆಮೇಲೆ ಬೆರಳು ನೀರಿಗೆ ಇಳೀತು. ಬೋಟಿನ ಎಡಕ್ಕೆ ಒಂದು ಬಿಳೀ ಗೆರೆ, ಅದು ಎಲ್ಲರಿಗೂ ಕಾಣೂವಷ್ಟು ಇತ್ತು. ಬೆರಳು ಬೋಟು ದಾಟಿ ಬಲಕ್ಕೆ ಹೋಗಿ ನಿಂತಿತು. ಅಲ್ಲಿ ಇನ್ನೊಂದು ಗೆರೆ, ಸಣ್ಣದು, ತುಂಡು ತುಂಡು. ನಾನು ಅದನ್ನ ಗಮನಿಸಿಯೇ ಇರ್ಲಿಲ್ಲ. ಗಮನಿಸಿದ್ರೆ ಚುಕ್ಕೆ ಅಂತ ತೆಗೀತಿದ್ದೆನೋ ಏನೋ.

"ಇದು?"

"ಸಮುದ್ರದ್ದು ಮಾವ. ನೀರಿನ ಹತ್ರ ನಾನು ಹೆಚ್ಚು ಕೈ ಹಾಕ್ಲಿಲ್ಲ."

"ಖರೆ ಹೇಳು."

"ಖರೆ."

ತಾಂಡೇಲ ಹಿಂದೆ ಒರಗಿ ಕೂತ. ಬಲಗಡೆ ಅವ ಹೋದ ವರ್ಷದವರೆಗೆ ಬೋಟು ಹಾಕ್ತಿದ್ದ ದಾರಿ ಅಂತೆ. ಅಲ್ಲಿ ತೆರೆ ಒಡೀತದೆ ಅಂದ್ರೆ ಈ ಮಳೆಗಾಲದಲ್ಲಿ ಮರಳು ಬಂದು ಅಲ್ಲಿ ಕೂತಿದೆ. ಅವನೇ ಹೋಗಿದ್ರೆ ಅಲ್ಲೇ ಹಾಕ್ತಿದ್ದ. ಇದನ್ನ ಅವ ಹೇಳ್ಲಿಲ್ಲ, ಬಸ್ಸಿನಲ್ಲಿ ದೋಸ್ತ ಹೇಳಿದ್ದು. ತಾಂಡೇಲ ಕೇಳಿದ್ದು ಇಷ್ಟೇ.

"ಬಲಕ್ಕೆ ಹೂಳು ಬಿದ್ದದ್ದು ನಿಂಗೆ ಹೇಗೆ ಗೊತ್ತಾತು?"

"ಹಿಂದಿನ ದಿನ ಸಣ್ಣ ದೋಣಿಯಲ್ಲಿ ಹೋಗಿ ಕೋಲು ಹಾಕಿ ನೋಡಿ ಬಂದಿದ್ದೆ," ಅಂದ ದೋಸ್ತ.

"ಯಾರು ಹೇಳಿದ್ರು ನೋಡೂಕೆ?"

"ಯಾರೂ ಇಲ್ಲ."

ತಾಂಡೇಲ ಮತ್ತೆ ಮುಂದೆ ಬಗ್ಗಿ ಎಡದ ಗೆರೆಗೂ ಬೋಟಿಗೂ ನಡುವೆ ಬೆರಳಿಟ್ಟು ಅಳ್ದ. ಇಷ್ಟು ಹತ್ರ ಎಂತಕ್ಕೆ ಹೋದೆ, ಗಾಳಿ ಸ್ವಲ್ಪ ತಳ್ಳಿದ್ರೆ ದಿಬ್ಬದ ಮೇಲೆ ಕೂರ್ತಿದ್ದೆ, ಇನ್ನೂ ಎರಡು ಮಾರು ಬಿಟ್ಟು ಹೋಗ್ಬೇಕಿತ್ತು ಅಂತ ಬೈಯೂಕೆ ಶುರು ಮಾಡಿದ. ಇಂಜಿನ್ ಎಷ್ಟು ಓಡ್ಸಿದ್ದೆ, ನೀರಿನ ಉಬ್ಬರ ಎಷ್ಟು ಇತ್ತು, ಚುಕ್ಕಾಣಿ ಯಾವಾಗ ತಿರುಗಿಸಿದ್ದೆ, ಒಂದೊಂದೇ ಕೇಳಿದ. ಮಳೆ ವಿಷಯ ಬಾಯಿಗೆ ಬರ್ಲಿಲ್ಲ. ದೋಸ್ತ ಬೈಸ್ಕೊಳ್ತಾ ಪ್ರಿಂಟಿನ ತುದಿ ಹಿಡ್ಕೊಂಡೇ ನಿಂತಿದ್ದ, ನಗು ತಡೀತಾ ಇದ್ದ. ನನ್ನ ಕೈ ನೋಯ್ತಿತ್ತು. ಬೈದು ಮುಗ್ದ ಮೇಲೆ ತಾಂಡೇಲ ಮಗಳನ್ನ ಕರ್ದು, ಭಟ್ಕಳದವನಿಗೆ ಫೋನು ಮಾಡು, ನಾಳೆ ಬರೂದು ಬೇಡ ಅಂತ ಹೇಳು ಅಂದ.

ಫೋಟೋಕ್ಕೆ ನಾನೇ ಕಟ್ಟು ಹಾಕಿಸಿ ತದಡಿಗೆ ಕೊಂಡೋದೆ. ದೋಸ್ತನ ಅಮ್ಮ ಎಲ್ಲರ ಮನೆಯ ಹಾಗೆ ಬಾಗಿಲ ಮೇಲೆ, ದೇವರ ಫೋಟೋ ಸಾಲಿಗೆ ಮೊಳೆ ಹೊಡೆಸಿದ್ಲು. ತಾಂಡೇಲ ಹೊನ್ನಾವರದಿಂದ ಬಂದವನೇ ಇಳಿಸಿದ. ಕುರ್ಚಿಯಲ್ಲಿ ಕೂತ್ರೆ ಮೂಗಿನ ಸಮಕ್ಕೆ ಬರೂ ಹಾಗೆ ಗೋಡೆಯ ನಡುವೆ ಹಾಕಿಸಿದ. ಗ್ಲಾಸ್ ತೆಗೆಸಿದ, ಬೆಳಕು ಹೊಳ್ದು ಗೆರೆ ಕಾಣೂದಿಲ್ಲ ಅಂತ. ಮನೆಗೆ ಬಂದವರೆಲ್ಲ ಇದೆಂತ ಇಷ್ಟು ಕೆಳಗೆ ಅಂತ ಕೇಳೂದು, ಅಮ್ಮ ಅವರನ್ನೇ ಕೇಳಿ ಅನ್ನೂದು.

ಮುಂದಿನ ವರ್ಷ ಬೋಟು ಇಳಿಸೂ ಹೊತ್ತಿಗೆ ತಾಂಡೇಲನೇ ಸ್ಟುಡಿಯೋಕ್ಕೆ ಹೇಳಿ ಕಳ್ಸಿದ. ಈ ಸಲ ಬೋಟು ಬೇಡ, ಮರಳು ಎಲ್ಲಿ ಕೂತಿದೆ ನೋಡ್ಬೇಕು, ಅಳಿವೆ ಮಾತ್ರ ಬೇಕು, ಈ ಗುಡ್ಡದಿಂದ ಆ ಗುಡ್ಡದವರೆಗೆ. ಮತ್ತೆ ಬಿಸಿಲು ಬಂದ ಮೇಲೆ ತೆಗಿ, ನಿನ್ನ ಮಳೆ ನಂಗೆ ಬೇಡ ಅಂತಲೂ ಹೇಳಿಸಿದ್ದ. ನಾನು ಬಿಸಿಲು ಬಂದ ಮೇಲೆ ಹೋದೆ, ಐಎಸ್‌ಒ ಪೂರ್ತಿ ಇಳಿಸಿದೆ. ಆದ್ರೂ ನೆರಳಿನ ಕಡೆ, ಬಂಡೆ ಸಂದಿನಲ್ಲಿ, ದೊಡ್ಡ ಮಾಡಿ ನೋಡಿದ್ರೆ ಚುಕ್ಕೆ ಸ್ವಲ್ಪ ಇತ್ತು.